ಸೋಮವಾರ ಕೊಟ್ಟ ರಕ್ತ

ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ. ಅವಳು ಅದನ್ನು ಮತ್ತೆ ನನ್ನ ಕಡೆಗೇ ಸರಿಸಿದಳು.

"ನೀವು ಊಟ ಮಾಡ್ರಿ ಬಾಯಿ. ಇವತ್ತ ಸೋಮಾರ. ಸಂಜೀತನ ನಾ ಏನೂ ಮುಟ್ಟೂದಿಲ್ಲ."

ಅಕ್ಕಲಕೋಟೆಯ ಅನ್ನಛತ್ರದಲ್ಲಿ ಒಂದು ಪಂಗತಿ ಎದ್ದು ಹೋಗಿ ಇನ್ನೊಂದಕ್ಕೆ ನೆಲ ಒರೆಸುತ್ತಿದ್ದರು. ಅಷ್ಟು ಜನಕ್ಕೆ ಬಡಿಸಿ ಬಂದವಳು ಬರೀ ನೀರು ಕುಡಿದು ಕಂಬಕ್ಕೆ ಒರಗಿ ಕುಳಿತಿದ್ದಳು. ಇವಳೇ ಸುವರ್ಣಾಬಾಯಿ, ವಳಸಂಗದ ಸಿದ್ಧರಾಮನ ತಾಯಿ. ದೀಪಾವಳಿಗೆ ಮುಂಚೆ ಮನೆ ಬಿಟ್ಟು ಹೋದ ಈಕೆಯನ್ನು ಹುಡುಕಿಕೊಡಿ ಎಂದು ಸಿದ್ಧರಾಮ ನನ್ನ ಬಳಿ ಬಂದಿದ್ದ. ಹುಡುಕಿದ್ದೆ.

ಅದರಲ್ಲಿ ನನ್ನ ಜಾಣತನವೇನೂ ಇಲ್ಲ. ಕೈಯಲ್ಲಿ ಕಾಸಿಲ್ಲದ, ಆದರೆ ಯಾರ ಮುಂದೆಯೂ ಕೈ ಚಾಚದ ಹೆಂಗಸು ನಮ್ಮ ಸೀಮೆಯಲ್ಲಿ ಎಲ್ಲಿಗೆ ಹೋಗುತ್ತಾಳೆ? ಸ್ವಾಮಿಗಳ ಊರಾದ ಈ ಅಕ್ಕಲಕೋಟೆಗೆ. ಇಲ್ಲಿ ಸೇವೆಗೆ ನಿಂತವರಿಗೆ ಎರಡು ಹೊತ್ತಿನ ಊಟವಿದೆ, ಯಾಕೆ ಬಂದೆ ಎಂದು ಕೇಳುವವರಿಲ್ಲ. ಮೂರು ವಾರ ಸೊಲ್ಲಾಪುರದ ಆಸ್ಪತ್ರೆ, ಸ್ಟೇಷನ್ನು ಎಂದು ಅಲೆದ ಮೇಲೆ ನನ್ನ ದಡ್ಡ ತಲೆಗೆ ಇದು ಹೊಳೆದದ್ದು.

ನಾನು ಶರ್ವರಿ. ಸೊಲ್ಲಾಪುರದ ನವಿ ಪೇಠೆಯ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ನನ್ನ ಪತ್ತೇದಾರಿ ಕಚೇರಿ. ಹೆಸರಷ್ಟೇ ದೊಡ್ಡದು. ಹುಡುಗ ಕುಡಿಯುತ್ತಾನೆಯೇ, ಹುಡುಗಿಯ ಮನೆಯಲ್ಲಿ ಏನಾದರೂ ಮುಚ್ಚಿಟ್ಟಿದ್ದಾರೆಯೇ ಎಂದು ಮದುವೆಗೆ ಮುಂಚೆ ಚೌಕಶಿ ಮಾಡಿಕೊಡುವುದು ನನ್ನ ಕೆಲಸ. ಊರವರ ಮದುವೆಯ ಉಸಾಬರಿಯಲ್ಲಿ ನನ್ನದು ಹಿಂದೆ ಬಿತ್ತು. ಹೋದ ವರ್ಷ ತಾಯಿ ವೇಣೂಬಾಯಿ ತೀರಿಹೋದಳು. ಈಗ ಶನಿವಾರ ಸಂಜೆ ಶಟರ್ ಎಳೆದರೆ ಸೋಮವಾರ ಚಹಾದವನು ಬರುವವರೆಗೆ ನಾನು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಅವ್ವ ಬೇಕು ಎಂದು ಬೆಳೆದ ಗಂಡಸೊಬ್ಬ ನನ್ನ ಮೇಜಿನ ಮುಂದೆ ಕುಳಿತು ಅತ್ತಾಗ ನನಗೆ ಮೊದಲು ಆದದ್ದು ಮರುಕವಲ್ಲ, ಹೊಟ್ಟೆಕಿಚ್ಚು. ಹುಡುಕಿದರೆ ಸಿಗುವ ತಾಯಿ ಅವನಿಗಿದ್ದಳು.

"ಮನೀಗಿ ನಡೀರಿ ಮಾವಶಿ," ಎಂದೆ. "ಸಿದ್ಧರಾಮ ಬರೋಬರಿ ಊಟ ಸೈತ ಮಾಡವಲ್ಲ."

"ಸೊಸಿ ಇದ್ದಾಳಲ್ರಿ ಮಾಡಿ ಹಾಕಾಕ."

"ಸೊಸಿ ಇದ್ರ ಏನಾತು? ಅವ್ವ ಬೇಕಂತಾನ."

ಅವಳು ಚಟ್ಟನೆ ನನ್ನ ಕಡೆ ತಿರುಗಿದಳು. "ಹಂಗ ಅಂದ್ನೇನ್ರಿ? ಅವ್ವ ಅಂತನ ಅಂದ್ನೇನು?"

"ಮತ್ತೇನ ಅಂತಾನ? ಅವತ್ತ ಸಿಟ್ಟಿನಾಗ ಬಾಯಿಗೆ ಬಂದಂಗ ಮಾತಾಡೀನಿ ಅಂತ ಅಳಾಕತ್ತಾನ."

ಬಾಯಿಗೆ ಬಂದ ಆ ಮಾತು ಏನೆಂದು ಅವನೇ ನನಗೆ ಹೇಳಿದ್ದ. 'ನೀನ ನನ್ನ ಕುರುಡ ಮಾಡಿದಿ.' ಮರುದಿನ ಬೆಳಿಗ್ಗೆ ದನಕ್ಕೆ ಮೇವು ಹಾಕಿ, ಅಂಗಳಕ್ಕೆ ನೀರು ಚಿಮುಕಿಸಿ ಅವಳು ಹೋಗಿಬಿಟ್ಟಿದ್ದಳು.

ಸಿದ್ಧರಾಮನಿಗೆ ಎದುರಿನದು ಮಾತ್ರ ಕಾಣುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಸಣ್ಣವನಿದ್ದಾಗ ಸಂಜೆಯಾದರೆ ಕಾಣುತ್ತಿರಲಿಲ್ಲ. ಈಗ ಹಗಲಿನಲ್ಲೂ ಅಕ್ಕಪಕ್ಕದ್ದು ಕಾಣದು. ಅವನ ತಂದೆ ಕಲ್ಲಣ್ಣನದೂ ಇದೇ ಹಾಡು. ಎರಡೂ ಕಣ್ಣು ಪೂರ್ತಿ ಹೋದ ಮೇಲೇ ಅವನು ತೀರಿಕೊಂಡದ್ದು. ಹೀಗಾಗಿ ಇದು ಅಪ್ಪನಿಂದ ಬಂದದ್ದೆಂದು ಊರೆಲ್ಲ ನಂಬಿತ್ತು. ಅಪ್ಪನಿಂದ ಬಂದದ್ದಕ್ಕೆ ಯಾರೂ ಯಾರನ್ನೂ ಬೈಯಲಿಲ್ಲ ಎಂಬುದನ್ನು ಗಮನಿಸಿ.

ಶ್ರಾವಣದಲ್ಲಿ ಡಾಕ್ಟರ್ ನಿಖಿಲ ವಳಸಂಗದಲ್ಲಿ ಕಣ್ಣಿನ ಕ್ಯಾಂಪ್ ಮಾಡಿದರು. ಸಿದ್ಧರಾಮನ ರಕ್ತವನ್ನೂ, ಜೊತೆಗೆ ಅವನ ತಾಯಿಯ ರಕ್ತವನ್ನೂ ಜೀನ್ ಪರೀಕ್ಷೆಗೆ ದೂರದ ಲ್ಯಾಬಿಗೆ ಕಳಿಸಿದರು. ಲ್ಯಾಬಿನವರಿಗೆ ಮೊದಲು ತಲೆಬುಡ ತಿಳಿಯಲಿಲ್ಲವಂತೆ.

"ಅವನ ಜೀನಿನ್ಯಾಗ ಒಂದ ಫರಕ್ ಸಿಕ್ತು ಮ್ಯಾಡಮ್," ಎಂದು ನಿಖಿಲ ನನಗೆ ವಿವರಿಸಿದ್ದರು. "ಆದ್ರ ಅದು ರೋಗದ್ದೋ, ನಮ್ಮ ಮಂದ್ಯಾಗ ಸುಮ್ನ ಇರೂವಂಥಾದ್ದೋ? ಹೋಲಿಸಿ ನೋಡಾಕ ಅವರ ಕಡೆ ಇರೋ ಮಾಹಿತಿ ಎಲ್ಲಾ ಹೊರಗಿನ ದೇಶದವರದ. ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕಡಿ ಮಂದಿ ಅದರಾಗ ಇಲ್ಲ ಅಂದ್ರೂ ನಡೀತದ. ಅದಕ್ಕ ತಾಯಿದು ನೋಡಬೇಕಾತು."

ತಾಯಿಯ ರಕ್ತದಲ್ಲೂ ಅದೇ ಫರಕ್ ಇತ್ತು. ಕ್ಯಾಂಪಿನಲ್ಲಿ ನೋಡಿದಾಗ ಅವಳ ಕಣ್ಣಿನ ಹಿಂಬದಿಯಲ್ಲೂ ರೋಗದ ಸಣ್ಣ ಗುರುತು ಕಂಡಿತ್ತು. ಹೆಂಗಸಿಗೆ ಅದು ಹೆಚ್ಚು ತೊಂದರೆ ಕೊಡದೆ ಇರಬಹುದು, ಆದರೆ ಅವಳಿಂದ ಮಗನಿಗೆ ದಾಟುತ್ತದೆ. ಈ ಜಾತಿಯ ದೋಷ ತಂದೆಯಿಂದ ಮಗನಿಗೆ ಬರುವುದೇ ಇಲ್ಲ. ಡಾಕ್ಟರು ಸಮಾಧಾನವಾಗಿಯೇ ಹೇಳಿದ್ದರು, ತಾಯಿಯ ತಪ್ಪೇನೂ ಇಲ್ಲವೆಂದೂ ಹೇಳಿದ್ದರು. ಆದರೆ ಮನೆಗೆ ಮುಟ್ಟುವಷ್ಟರಲ್ಲಿ ಅದು 'ತವರಿಂದ ಕುರುಡು ತಂದವಳು' ಎಂದಾಗಿತ್ತು. ಅಪ್ಪನಿಗೆ ಸಿಗದಿದ್ದ ಬೈಗುಳವೆಲ್ಲ ಒಂದೇ ದಿನ ಇವಳಿಗೆ ಸಿಕ್ಕಿತು.

ನನಗೆ ಮಾತ್ರ ಒಂದು ವಿಷಯ ಮುಳ್ಳಿನಂತೆ ಚುಚ್ಚುತ್ತಿತ್ತು. ಗಂಡನ ಮನೆಯಲ್ಲೂ ಅದೇ ರೋಗ, ಹೆಂಡತಿಯ ರಕ್ತದಲ್ಲೂ ಅದೇ ರೋಗ. ಇಬ್ಬರ ನಡುವೆ ಮೊದಲು ಯಾವ ಸಂಬಂಧವೂ ಇರಲಿಲ್ಲ. ಅವಳ ತವರು ಹೋಟಗಿಗೆ ಹೋಗಿ ನೋಡಿಬಂದೆ. ಅವಳ ಅಣ್ಣಂದಿರಿಬ್ಬರೂ ರೈಲ್ವೆಯಲ್ಲಿ ದುಡಿದವರು, ಕಣ್ಣು ಸರಿಯಿಲ್ಲದಿದ್ದರೆ ಅಲ್ಲಿ ಸೇರಿಸಿಕೊಳ್ಳುವುದೇ ಇಲ್ಲ. ಮುದುಕ ಸೋದರಮಾವ ನನ್ನೆದುರೇ ಸೂಜಿಗೆ ದಾರ ಪೋಣಿಸಿದ. ಆ ಮನೆಯಲ್ಲಿ ಕುರುಡಿನ ಸುಳಿವೇ ಇರಲಿಲ್ಲ.

ಅನುಮಾನ ಲ್ಯಾಬಿನ ಮೇಲೆ ಹೋಯಿತು. ಆಮೇಲೆ ಕ್ಯಾಂಪಿನ ನರ್ಸ್ ಶಾರದಾಬಾಯಿಯ ಮೇಲೆ. ನೀವು ಶೀಶೆ ಅದಲು ಬದಲು ಮಾಡಿರಬಹುದೇ ಎಂದು ಕೇಳಿದ್ದಕ್ಕೆ ಆಕೆ ನನ್ನನ್ನು ಸುಡುವಂತೆ ನೋಡಿದ್ದಳು. "ಆ ಮುದುಕಿ ನನಗ ಚಲೋ ನೆನಪ ಐತ್ರಿ. ರಕ್ತ ಕೊಟ್ಟ ಮ್ಯಾಲ ತಿನ್ನಾಕ ಚುರುಮರಿ ಸುಸಲಾ ಕೊಟ್ವಿ. ಭಾಳ ರುಚಿ ಆಗೇತಿ ಅಂತ ಮತ್ತೊಮ್ಮಿ ಹಾಕಿಸ್ಕೊಂಡು ತಿಂದ್ಲು," ಎಂದಿದ್ದಳು.

ಈಗ ಆ ಮಾತು ನೆನಪಾಗಿ ನನ್ನ ಕೈಯೊಳಗಿನ ತುತ್ತು ಕೈಯಲ್ಲೇ ನಿಂತಿತು.

"ಮಾವಶಿ, ಸೋಮವಾರದ ಉಪಾಸ ಯಾವಾಗಿಂದ ಮಾಡ್ತೀರಿ?"

"ಲಗ್ನ ಆದಾಗಿಂದ."

"ಒಮ್ಮೆನೂ ಮುರದಿಲ್ಲ?"

"ನಮ್ಮ ಮನಿಯವರು ಹೋದ ದಿನಾನೂ ಸೋಮಾರ ಇತ್ತು. ಯಾರೋ ಚಾ ಕುಡಸಾಕ ಬಂದ್ರು. ನಾ ಕುಡೀಲಿಲ್ಲ."

"ಶ್ರಾವಣದಾಗ?"

"ಶ್ರಾವಣ ಸೋಮಾರ ಅಂದ್ರ ನೀರ ಸೈತ ಲೆಕ್ಕ ಹಾಕಿ ಕುಡೀತೀನ್ರಿ." ಅವಳಿಗೆ ಹುಸಿನಗು ಬಂತು. "ಯಾಕ, ನನ್ನ ಲಗ್ನದ ಚೌಕಶಿ ಮಾಡಾಕತ್ತೀರೇನು?"

"ವಳಸಂಗದ ಕ್ಯಾಂಪ್ ಶ್ರಾವಣ ಸೋಮವಾರನ ಇತ್ತು."

ಅವಳ ನಗು ಅಲ್ಲಿಗೆ ನಿಂತಿತು.

"ಅವತ್ತ ನಿಮ್ಮ ಹೆಸರಿನ್ಯಾಗ ರಕ್ತ ಕೊಟ್ಟಾಕಿ ಎರಡ ಸಲ ಸುಸಲಾ ತಿಂದಾಳ. ಆಕಿ ನೀವಲ್ಲ."

ಪಕ್ಕದಲ್ಲಿ ಯಾರೋ ಪಾತ್ರೆಗಳನ್ನು ದಡದಡ ಎಳೆದುಕೊಂಡು ಹೋದರು. ಸುವರ್ಣಾಬಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಯಾರ ಮಾವಶಿ?"

"ಇಂದು," ಎಂದಳು ಕೊನೆಗೆ. "ನಮ್ಮ ನಾದಿನಿ."

ಇಂದುಬಾಯಿ ಕಲ್ಲಣ್ಣನ ತಂಗಿ. ಹರೆಯದಲ್ಲೇ ಗಂಡ ಸತ್ತು ಅಣ್ಣನ ಮನೆಗೆ ಬಂದವಳು ಅಲ್ಲೇ ಉಳಿದಿದ್ದಳು. ತಲೆ ತುಂಬ ಸೆರಗು ಹೊದ್ದರೆ ಇಬ್ಬರು ಮುದುಕಿಯರಲ್ಲಿ ಯಾರು ಯಾರೆಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

"ಉಪಾಸಿದ್ದಾಗ ರಕ್ತ ತೆಗಸಬಾರದು ಅಂತ ನಾ ಹಿಂದ ಸರದೆ," ಎಂದಳು. "ಸಿದ್ಧೂ ಒಳಗ ಕಣ್ಣಿಗೆ ಔಷಧ ಹಾಕಿಸ್ಕೊಂಡು ಕುಂತಿದ್ದ. ಡಾಕ್ಟರ ಮಂದಿ ಗಡಬಡ ಮಾಡಾಕತ್ತಿದ್ರು. ಇಂದು ಅಂದ್ಲು, ವೈನಿ, ನಾ ಕೊಡ್ತೀನಿ ಬಿಡು, ಒಂದ ಮನಿ ರಕ್ತ, ಯಾರ ಕೊಟ್ಟರ ಏನು ಅಂತ. ನಿಮ್ಮ ಹೆಸರೇನು ಅಂದ್ರ ಸುವರ್ಣಾ ಅಂತ ಹೇಳಿ ಕುಂತಬಿಟ್ಲು."

ಒಂದೇ ಮನೆಯ ರಕ್ತ! ಹೊಲದ ಕೂಲಿಗೆ ಒಬ್ಬರ ಬದಲು ಇನ್ನೊಬ್ಬರು ಹೋಗುತ್ತಾರಲ್ಲ, ಹಾಗೆ ಇವರು ರಕ್ತಕ್ಕೂ ಬದಲಿ ಆಳು ಕಳಿಸಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ನನ್ನ ನಿದ್ದೆ ಕೆಡಿಸಿದ ಗಂಟು ಇಷ್ಟೇ ಆಗಿತ್ತು. ಕಲ್ಲಣ್ಣನಿಗಿದ್ದ ದೋಷ ಅವನ ಒಡಹುಟ್ಟಿದವಳ ರಕ್ತದಲ್ಲಿ ಸಿಕ್ಕಿತ್ತು, ಅದರಲ್ಲಿ ಆಶ್ಚರ್ಯವೇನು? ಸುವರ್ಣಾಬಾಯಿಯ ಮೇಲೆ ಬಂದ ಆರೋಪ ಸುಳ್ಳು.

"ಒಂದ ನಿಮಿಷ ಮಾವಶಿ," ಎಂದು ಕೈ ತೊಳೆದು ಹೊರಗಿನ ಬೇವಿನ ಮರದ ಕೆಳಗೆ ಓಡಿದೆ. ಮೊದಲು ಸಿದ್ಧರಾಮನಿಗೆ ಫೋನ್ ಹಚ್ಚಿದೆ.

"ಸಿಕ್ಕಾರ! ಅಕ್ಕಲಕೋಟದಾಗ ಅದಾರ, ಅನ್ನಛತ್ರದಾಗ."

"ಅವ್ವ ಆರಾಮ ಅದಾಳೇನ್ರಿ ಅಕ್ಕಾರ?"

"ಆರಾಮ ಅದಾರ. ಇನ್ನೊಂದ ಕೇಳು. ಆ ರಕ್ತ ನಿಮ್ಮ ಅವ್ವಂದು ಅಲ್ಲೇ ಅಲ್ಲ. ಅವತ್ತ ಅವರ ಬದಲಿ ನಿಮ್ಮ ಇಂದು ಅತ್ತಿ ಕುಂತಿದ್ರಂತ. ನೀ ಸುಳ್ಳ ನಿಮ್ಮ ಅವ್ವಗ ಅಂದಿ."

ಆ ಕಡೆ ಅವನು ಅಳುವುದು ಕೇಳಿಸಿತು. "ನಾವು ಇಲ್ಲೆ ಗಾಣಗಾಪುರದಿಂದ ಹೊಳ್ಳಿ ಬರಾಕತ್ತೀವ್ರಿ, ಅವ್ವ ಸಿಗಲಿ ಅಂತ ಹರಕಿ ಹೊತ್ತಿದ್ದೆ. ಅಕ್ಕಲಕೋಟ ಹತ್ರನ ಬಂತು. ಅತ್ತೀನೂ ಗಾಡ್ಯಾಗ ಅದಾಳ. ಅಕಿ ಕಡಿಂದ ಅವ್ವನ ಕಾಲ ಹಿಡಸ್ತೀನಿ, ನಾನೂ ಹಿಡೀತೀನಿ," ಎಂದವನೇ ಫೋನ್ ಇಟ್ಟ.

ನನಗೆ ಕುಣಿಯಬೇಕು ಅನಿಸಿತು. ಎಷ್ಟೋ ದಿನಗಳ ಮೇಲೆ ನನ್ನ ದನಿಯಿಂದ ಒಬ್ಬರಿಗೆ ಸಂತೋಷವಾಗಿತ್ತು. ಆ ಹುರುಪಿನಲ್ಲೇ ಡಾಕ್ಟರ್ ನಿಖಿಲರಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಕುಂತಾಕಿ ಅವನ ಅತ್ತಿ ಅಂತ ಖಾತ್ರಿನಾ ಮ್ಯಾಡಮ್?"

"ಸುವರ್ಣಾಬಾಯಿನ ಹೇಳಿದ್ರು."

"ಹಂಗಾರ... ಲ್ಯಾಬಿನವರು ಸೀದಾ ರಿಪೋರ್ಟ್ ಕೊಡಂಗಿಲ್ಲ ನೋಡ್ರಿ. ಕಳಿಸಿದ ಎರಡ ರಕ್ತ ಖರೇನ ತಾಯಿ ಮಗಂದು ಹೌದೋ ಅಲ್ಲೋ, ಅದನ್ನ ಮೊದಲ ತಪಾಸ ಮಾಡ್ತಾರ. ಅತ್ತಿದು ಆದ್ರ ಅಲ್ಲೇ ಸಿಕ್ಕ ಬೀಳ್ತಿತ್ತು. ಇದು ಪೂರಾ ಹೊಂದೇತಿ. ಆ ರಕ್ತ ಅವನ ಹಡದ ತಾಯಿದ."

ನಾನು ಮರಕ್ಕೆ ಕೈ ಕೊಟ್ಟು ನಿಂತೆ.

"ಸಿದ್ಧರಾಮಗ ಇದನ್ನ ಹೇಳಿಲ್ಲಲ್ಲ?" ಎಂದು ಕೇಳಿದರು.

ಅರ್ಧ ಹೇಳಿಯಾಗಿತ್ತು. ಉಳಿದ ಅರ್ಧವನ್ನು ಕೂಡಿಸಿಕೊಳ್ಳಲು ಅವನಿಗೆ ಡಾಕ್ಟರ ಒಂದು ಮಾತು ಸಾಕಿತ್ತು. ಅದೂ ಬೇಕಿರಲಿಲ್ಲ, ರಿಪೋರ್ಟಿನಲ್ಲಿ ತಾಯಿಯದೆಂದು ಬರೆದ ರಕ್ತ ಯಾರದು ಎಂದು ನಿಧಾನವಾಗಿ ಒಮ್ಮೆ ಯೋಚಿಸಿದರೂ ಸಾಕಿತ್ತು. ಮಂದಿಯ ಮನೆಯ ಗುಟ್ಟನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟು ಬರುವುದು ನನ್ನ ವೃತ್ತಿ. ಇವತ್ತು ಮಾತ್ರ ಬಾಯಿ ಬಿಟ್ಟು ಡಂಗುರ ಹೊಡೆದಿದ್ದೆ.

ಒಳಗೆ ಬಂದಾಗ ಸುವರ್ಣಾಬಾಯಿ ನನ್ನ ಮುಖವನ್ನು ನೋಡಿಯೇ ತಿಳಿದುಕೊಂಡಳು.

"ಗೊತ್ತಾತೇನ್ರಿ?"

ನಾನು ಅವಳ ಪಕ್ಕ ಕುಳಿತೆ.

"ನನಗ ಮಕ್ಕಳಾಗಲಿಲ್ಲ," ಎಂದಳು ಅವಳು. ದನಿಯಲ್ಲಿ ಏರಿಳಿತ ಇರಲಿಲ್ಲ. "ಮನಿಯವರಿಗೆ ಮತ್ತೊಂದ ಲಗ್ನ ಮಾಡ್ತೀವಿ ಅಂತ ಅತ್ತಿ ಮಾವ ನಿಂತಿದ್ರು. ಆಗನ ಇಂದು ಬಸರಿದ್ದಾಗ ಅಕಿ ಗಂಡ ಸತ್ತ. ಅಕಿ ನಮ್ಮ ಮನ್ಯಾಗ ಹಡದ್ಲು. ಹಡದ ಐದನೇ ದಿನ ಕೂಸಿನ್ನ ತಂದು ನನ್ನ ಉಡ್ಯಾಗ ಹಾಕಿದ್ಲು. ನನಗೇನ ಐತಿ ವೈನಿ, ನೀ ಬೆಳಸು ಅಂದ್ಲು. ಮಂದಿಗೆಲ್ಲ ನಾನ ಹಡದೆ ಅಂತ ಹೇಳಿ, ಸೊಲ್ಲಾಪುರದ ಸಿದ್ಧರಾಮ ದೇವರ ಮ್ಯಾಲ ಇಬ್ಬರೂ ಆಣಿ ಮಾಡಿದ್ವಿ. ಯಾರ ಸತ್ತರೂ ಹೇಳಬಾರದು ಅಂತ."

"ರಿಪೋರ್ಟ್ ಬಂದಾಗ ನಿಮಗ ತಿಳೀತು?"

"ತಾಯಿ ರಕ್ತದಿಂದ ಬಂದೈತಿ ಅಂತ ಅವ ಓದಿದ. ನಾ ಇಂದೂನ ಕಡೆ ನೋಡಿದೆ, ಅಕಿ ನನ್ನ ಕಡೆ ನೋಡಿದ್ಲು. ಇಬ್ಬರಿಗೂ ತಿಳೀತು."

"ಅವ ನಿಮಗ ಹಂಗ ಬೈಯುವಾಗ ಅಕಿ ಸುಮ್ನ ಇದ್ಲು?"

"ನಾನೂ ಸುಮ್ನ ಇದ್ನಲ್ರಿ." ಅವಳು ನನ್ನ ಮೊಣಕೈ ಹಿಡಿದಳು. ಆ ಹಿಡಿತದ ಬಲಕ್ಕೆ ನನಗೆ ಗಾಬರಿಯಾಯಿತು. "ಕುರುಡ ಮಾಡಿದಾಕಿ ಅನ್ಲಿ ಬಾಯಿ. ದಿನಾ ಅನ್ಲಿ, ಹೊಡೀಲಿ ಬೇಕಾದ್ರ. ಕುರುಡ ಮಾಡಿದ ಅವ್ವ ಅಂತಾನಲ್ಲ, ಅದರಾಗ ಅವ್ವ ಅನ್ನೂದ ಐತಿ. ಅಷ್ಟ ಇರ್ಲಿ ನನಗ."

ಅದಕ್ಕೇ ಇವಳು ಮನೆ ಬಿಟ್ಟಿದ್ದಳು. ಬೈಗುಳಕ್ಕೆ ಹೆದರಿ ಅಲ್ಲ, ಒಂದು ದಿನ ತಡೆಯಲಾರದೆ ತನ್ನ ಬಾಯಿಂದಲೇ ನಿಜ ಹೊರಬಿದ್ದೀತು ಎಂದು ಹೆದರಿ. ಇಲ್ಲಿ ಪರವೂರಿನ ಜನಕ್ಕೆ ಅನ್ನ ಬಡಿಸುತ್ತ, ಯಾರ ಜೊತೆಯೂ ಮಾತಾಡದೆ, ತಾಯಿಯಾಗಿ ಉಳಿಯಲು ಅವಳು ಮಗನನ್ನೇ ಬಿಟ್ಟು ಬಂದಿದ್ದಳು. ನನ್ನ ಖಾಲಿ ಮನೆಯೇ ಲೋಕದ ದೊಡ್ಡ ದುಃಖವೆಂದು ಈ ತನಕ ತಿಳಿದಿದ್ದೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳೇ ಸೆರಗಿನಿಂದ ನನ್ನ ಕಣ್ಣು ಒರೆಸಿದಳು.

"ನೀವು ಯಾರಿಗೂ ಹೇಳೂದಿಲ್ಲಲ್ರಿ?"

"ಮಾವಶಿ," ಎಂದೆ. "ನಾ ಸಿದ್ಧರಾಮಗ ಫೋನ್ ಮಾಡೀನಿ. ರಕ್ತ ಕೊಟ್ಟಾಕಿ ಇಂದುಬಾಯಿ ಅಂತ ಹೇಳೀನಿ. ಅದರ ಅರ್ಥ ಅವಗ ಇನ್ನೂ ಹೊಳದಿಲ್ಲ. ಅಕಿನ್ನ ಕರಕೊಂಡು ಇಲ್ಲಿಗೇ ಬರಾಕತ್ತಾನ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಡಿದಿದ್ದ ಮೊಣಕೈ ಬಿಟ್ಟು, ಎದ್ದು ನಿಲ್ಲಲು ಹೋಗಿ, ಮತ್ತೆ ಕುಳಿತಳು.

"ಇಂದು ಬರ್ತೀನಿ ಅಂದ್ಲಾ? ಅಕಿ ಒಪ್ಪಿ ಬರಾಕತ್ತಾಳ?"

"ಗೊತ್ತಿಲ್ಲ. ಯಾಕ?"

"ಕ್ಯಾಂಪಿನ ದಿನ ನಾ ಅಂದಿದ್ದೆ, ಇವತ್ತ ಬ್ಯಾಡ, ನಾಳೆ ಸೊಲ್ಲಾಪುರಕ್ಕ ಹೋಗಿ ದವಾಖಾನ್ಯಾಗ ಕೊಡ್ತೀನಿ ಅಂತ. ಹೊರಗ ಹೆಸರ ಬರಕೊಳ್ಳೋ ಹುಡುಗ ಹೂಂ ಅಂದಿದ್ದ." ಅವಳು ತಡೆದು ತಡೆದು ಮಾತಾಡಿದಳು, ಆಗಲೇ ಮೊದಲ ಬಾರಿ ಲೆಕ್ಕ ಹಾಕುತ್ತಿರುವಂತೆ. "ಅಕಿನ ಬ್ಯಾಡ ಅಂದ್ಲು. ತಾಯಿ ರಕ್ತನ ಬೇಕು ಅಂತ ಡಾಕ್ಟರ್ ಎರಡ ಸಲ ಕೂಗಿ ಹೇಳಿದ್ರು. ಅದನ್ನ ಕೇಳಿದ ಮ್ಯಾಲನ ಅಕಿ ಎದ್ದು ಹೋದ್ಲು."

ಒಂದೇ ಮನೆಯ ರಕ್ತ ಎಂಬ ಹಳ್ಳಿಯ ಭೋಳೆತನಕ್ಕೆ ನಾನು ನಕ್ಕಿದ್ದೆನಲ್ಲ, ಈಗ ಆ ನಗು ಉಳಿಯಲಿಲ್ಲ. ಇಂದುಬಾಯಿ ಏನೂ ತಿಳಿಯದೆ ಕುಳಿತಳೋ? ಬಾಯಿ ಬಿಡಬಾರದೆಂಬ ಆಣೆಯನ್ನು ಮುರಿಯದೆ, ಮಗ ತನ್ನವನೆಂದು ಬೇರೆಯವರ ಬಾಯಿಂದ ಹೇಳಿಸಬೇಕೆಂದು ಕುಳಿತಳೋ?

ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೊಸ ಪಂಗತಿಗೆ ಜನ ನುಗ್ಗಿದರು.

ಆ ಗದ್ದಲದ ನಡುವೆ ಬಾಗಿಲಲ್ಲಿ ಸಿದ್ಧರಾಮ ನಿಂತಿದ್ದ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಪ್ರಸಾದದ ಚೀಲ. ಇನ್ನೊಂದು ಕೈಯನ್ನು ಇಂದುಬಾಯಿ ಹಿಡಿದುಕೊಂಡಿದ್ದಳು. ಅವನು ಮುಖವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತ ಸಾಲು ಸಾಲಾಗಿ ಹುಡುಕುತ್ತಿದ್ದ. ಪಕ್ಕದ ಕಂಬದಲ್ಲಿದ್ದ ನಾವು ಅವನಿಗೆ ಕಾಣುವಂತಿರಲಿಲ್ಲ.

ಆದರೆ ಇಂದುಬಾಯಿಗೆ ಕಂಡೆವು. ಅವಳು ಸುವರ್ಣಾಬಾಯಿಯನ್ನು ನೋಡಿದಳು, ನಿಂತಲ್ಲೇ ನಿಂತಳು. ಅವನ ಕೈ ಬಿಡಲಿಲ್ಲ, ಇತ್ತ ಕರೆತರಲೂ ಇಲ್ಲ.

"ಅವ್ವಾ!" ಎಂದು ಸಿದ್ಧರಾಮ ಕೂಗಿದ.

ನನ್ನ ಪಕ್ಕದವಳ ತುಟಿ ಅಲುಗಿತು. ದನಿ ಹೊರಡಲಿಲ್ಲ. ಓ ಎನ್ನುವ ಹಕ್ಕು ತನಗೆ ಇನ್ನೂ ಇದೆಯೋ ಇಲ್ಲವೋ ಎಂದು ಅವಳು ನನ್ನನ್ನು ಕೇಳುವಂತೆ ನೋಡಿದಳು. ಹೇಳ್ರಿ ಮಾವಶಿ, ಓ ಅನ್ರಿ ಎಂದು ನಾನು ಅವಳನ್ನು ಅಲುಗಾಡಿಸಿದೆ.

"ಅವ್ವಾ, ಎಲ್ಲಿದ್ದಿ?"

"ಇಲ್ಲೇ ಅದೀನಿ ಮಗನ," ಎಂದಳು ಅವನ ಕೈ ಹಿಡಿದಿದ್ದ ಇಂದುಬಾಯಿ.